ಅಂಡಿಗೆ ಬಿಡಿಸದೆ ನೂಲು ಬಾರದು

(ರಾಯಚೂರಿನಲ್ಲಿ ಮದುವೆ, ಜಾತ್ರೆ, ಜಾನಪದ ಹಾಡುಗಾರಿಕೆಯ ವಿಡಿಯೊ ಮಾಡುವ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಸ್ನೇಹಿತರೇ,

ನಮ್ಮ ಜಿಲ್ಲೆಯ ಜಿನ್ನಿಂಗ್ ಮಿಲ್ಲುಗಳ ಅಂಗಳದಲ್ಲಿ ಹತ್ತಿಯ ಅಂಡಿಗೆಗಳನ್ನು ನೀವೆಲ್ಲ ನೋಡಿಯೇ ಇದ್ದೀರಿ. ಒಂದು ಅಂಡಿಗೆಯ ತೂಕ 170 ಕಿಲೊ. ಅಷ್ಟೇ ಹತ್ತಿಯನ್ನು ಬಿಡಿಯಾಗಿ ಸುರಿದರೆ ಒಂದು ಕೋಣೆ ತುಂಬುತ್ತದೆ. ಯಂತ್ರದಲ್ಲಿ ಒತ್ತಿ, ಪಟ್ಟಿ ಬಿಗಿದ ಮೇಲೆ ಹಮಾಲರು ಅದನ್ನು ಉರುಳಿಸಿಕೊಂಡು ಹೋಗಿ ಲಾರಿಗೆ ಏರಿಸುತ್ತಾರೆ. ಒತ್ತಿರುವುದು ಸಾಗಾಟಕ್ಕೆ. ನೂಲು ತೆಗೆಯುವವರು ಅದನ್ನು ಬಿಡಿಸಬೇಕು, ಹಿಂಜಬೇಕು, ಹಂಜಿ ಮಾಡಿಕೊಳ್ಳಬೇಕು. ಅಂಡಿಗೆಯ ಮೂಲೆಯಿಂದ ನೇರವಾಗಿ ಎಳೆ ಎಳೆಯಲು ಹೋದರೆ ಕೈಗೆ ಬರುವುದು ತುಂಡು ನಾರು.

ಕ್ಯಾಮೆರಾ ನಮಗೆ ಕೊಡುವುದು ಅಂಡಿಗೆಯನ್ನು. ಅದನ್ನು ಹಾಗೆಯೇ ತಂದು ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್ ಮೇಲೆ ಇಡುತ್ತೇವೆ. ಚಿತ್ರ ತಡವರಿಸುತ್ತದೆ, ಮಾತು ತುಟಿಯನ್ನು ಬಿಟ್ಟು ಮುಂದೆ ಓಡುತ್ತದೆ, ಕೆಲವೊಮ್ಮೆ ಕಪ್ಪು ಪರದೆಯಷ್ಟೇ ಕಾಣುತ್ತದೆ. ಕಂಪ್ಯೂಟರ್‌ಗೆ ವಯಸ್ಸಾಯಿತೆಂದು ಸಾಲ ಮಾಡಿ ಹೊಸದನ್ನು ಕೊಂಡವರನ್ನು ನಾನು ಬಲ್ಲೆ. ಹೊಸದರಲ್ಲಿಯೂ ಅದೇ ಕಾಟ ಮುಂದುವರಿದಾಗ ಅವರ ಮುಖ ನೋಡಲು ಸಂಕಟವಾಗುತ್ತಿತ್ತು. ಆ ಸಾಲ ನಿಮ್ಮ ತಲೆಗೆ ಬರಬಾರದೆಂದೇ, ಎಡಿಟಿಂಗ್‌ಗೆ ಮೊದಲು ವಿಡಿಯೊವನ್ನು ಬೇರೆ ರೂಪಕ್ಕೆ ತಿರುಗಿಸುವ, ಎಂದರೆ ಕನ್ವರ್ಟ್ ಮಾಡುವ ವಿಷಯವನ್ನು ಇವತ್ತು ಆರಿಸಿಕೊಂಡೆ.

ಎಷ್ಟು ಒತ್ತಿರುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕೋಣ. ಫುಲ್ ಎಚ್‌ಡಿ ಚಿತ್ರದ ಒಂದು ಫ್ರೇಮ್‌ನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು 20 ಲಕ್ಷಕ್ಕಿಂತ ಹೆಚ್ಚು. ಸೆಕೆಂಡಿಗೆ ಅಂಥ 25 ಫ್ರೇಮ್‌ಗಳು. ಇದನ್ನು ಸ್ವಲ್ಪವೂ ಒತ್ತದೆ, ಬಣ್ಣದ ವಿವರವನ್ನು ಮಾತ್ರ ವಾಡಿಕೆಯಂತೆ ಕಡಿಮೆ ಮಾಡಿ ಬರೆದಿಟ್ಟರೆ ಒಂದು ಗಂಟೆಗೆ ಸುಮಾರು 280 ಜಿಬಿ ಬೇಕು. ಎವಿಸಿಎಚ್‌ಡಿ ಎಂಬ ರೂಪದಲ್ಲಿ ಒತ್ತಿಡುವ ಕ್ಯಾಮೆರಾ ಸೆಕೆಂಡಿಗೆ 24 ಮೆಗಾಬಿಟ್ ವೇಗದಲ್ಲಿ ಬರೆಯುವಾಗ ಅದೇ ಒಂದು ಗಂಟೆ 11 ಜಿಬಿಯೊಳಗೆ ಮುಗಿಯುತ್ತದೆ. ಇಪ್ಪತ್ತೈದು ಪಾಲಿನಲ್ಲಿ ಒಂದು ಪಾಲು! ಚಿಕ್ಕದೊಂದು ಕಾರ್ಡಿನಲ್ಲಿ ಇಡೀ ಮದುವೆ ಹಿಡಿಸುವುದು ಈ ಒತ್ತುವಿಕೆಯಿಂದಲೇ. ಆ ಉಪಕಾರವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಹೇಗೆ ಒತ್ತುತ್ತದೆ? ನಿಮ್ಮ ಊರಿನ ಮಠದಲ್ಲಿ ಭಜನೆಯವರ ಕೈಬರಹದ ಪುಸ್ತಕ ಇದ್ದರೆ ತೆರೆದು ನೋಡಿ. ಪಲ್ಲವಿಯನ್ನು ಮೇಲೆ ಒಮ್ಮೆ ಪೂರ್ತಿ ಬರೆದಿರುತ್ತಾರೆ. ಪ್ರತಿ ನುಡಿಯ ಕೊನೆಗೆ ಅದು ಮತ್ತೆ ಬರಬೇಕಾದಲ್ಲಿ ‘ಪ’ ಎಂಬ ಒಂದೇ ಅಕ್ಷರ ಇರುತ್ತದೆ. ಕಾಗದ ಉಳಿಯಿತು. ಆದರೆ ಮೂರನೆಯ ನುಡಿಯಿಂದ ಹಾಡಲು ಹೇಳಿದರೆ, ಪಲ್ಲವಿ ಬಾಯಿಪಾಠ ಇಲ್ಲದವನು ಪುಟ ತಿರುವಿ ಹಿಂದೆ ಹೋಗಲೇಬೇಕು. ಎವಿಸಿಎಚ್‌ಡಿಯ ಒಳಗಿರುವ ಎಚ್.264 ಎಂಬ ಒತ್ತುವ ವಿಧಾನ ಮಾಡುವುದು ಇದನ್ನೇ. ಅರ್ಧ ಸೆಕೆಂಡಿಗೋ ಒಂದು ಸೆಕೆಂಡಿಗೋ ಒಮ್ಮೆ ಮಾತ್ರ ಒಂದು ಫ್ರೇಮನ್ನು ಪೂರ್ತಿ ಬರೆಯುತ್ತದೆ. ನಡುವಿನ ಫ್ರೇಮ್‌ಗಳಲ್ಲಿ ‘ಹಿಂದಿನದಕ್ಕಿಂತ ಏನು ಬದಲಾಯಿತು’ ಎಂಬುದಷ್ಟೇ ಇರುತ್ತದೆ. ಕೆಲವು ಫ್ರೇಮ್‌ಗಳಂತೂ ಮುಂದೆ ಬರುವ ಫ್ರೇಮನ್ನು ನೋಡಿಕೊಂಡು ಅರ್ಥವಾಗಬೇಕಾದವು. 2003ರಲ್ಲಿ ಈ ವಿಧಾನ ರೂಪುಗೊಂಡಿತು; 2013ರಲ್ಲಿ ಬಂದ ಎಚ್.265 ಇನ್ನೂ ಜಾಣತನದಿಂದ, ಇನ್ನೂ ಗಟ್ಟಿಯಾಗಿ ಒತ್ತುತ್ತದೆ.

ಮೊದಲಿನಿಂದ ಕೊನೆಯವರೆಗೆ ನೋಡುತ್ತಾ ಹೋಗುವವರಿಗೆ ಇದರಿಂದ ತೊಂದರೆಯಿಲ್ಲ. ಎಡಿಟಿಂಗ್ ಮಾಡುವವರು ಹಾಗೆ ನೋಡುವುದಿಲ್ಲ. ಹಿಂದೆ ಹೋಗುತ್ತೇವೆ, ಮುಂದೆ ಜಿಗಿಯುತ್ತೇವೆ, ತಾಳಿ ಕಟ್ಟುವ ಆ ಒಂದು ಫ್ರೇಮಿಗಾಗಿ ನೂರು ಸಲ ಅತ್ತಿತ್ತ ಸರಿಸುತ್ತೇವೆ. ಪ್ರತಿ ಸಲವೂ ಕಂಪ್ಯೂಟರ್ ಹಿಂದಿನ ಪೂರ್ಣ ಫ್ರೇಮಿಗೆ ಓಡಿಹೋಗಿ, ಅಲ್ಲಿಂದ ಒಂದೊಂದಾಗಿ ಬಿಡಿಸುತ್ತಾ ನೀವು ಕೇಳಿದ ಫ್ರೇಮಿಗೆ ಬರಬೇಕು. ಮೂರು ಕ್ಯಾಮೆರಾಗಳ ಚಿತ್ರವನ್ನು ಒಟ್ಟಿಗೆ ಇಟ್ಟರೆ ಈ ಓಟ ಮೂರು ಪಟ್ಟಾಗುತ್ತದೆ. ಹಿರಿಯರಿಗೆ ನೆನಪಿರಬಹುದು: 1995ರಲ್ಲಿ ಬಂದ ಡಿವಿ ಟೇಪಿನ ಕಾಲದಲ್ಲಿ, ಇಂದಿನ ಫೋನಿಗಿಂತ ಎಷ್ಟೋ ದುರ್ಬಲವಾದ ಕಂಪ್ಯೂಟರ್‌ನಲ್ಲಿ ಕತ್ತರಿಸುವ ಕೆಲಸ ನುಣ್ಣಗೆ ಸಾಗುತ್ತಿತ್ತು. ಡಿವಿಯಲ್ಲಿ ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ಣವಾಗಿರುತ್ತಿತ್ತು. ಎಡಿಟಿಂಗ್‌ಗೆಂದೇ ಇರುವ ಇಂದಿನ ರೂಪಗಳಲ್ಲಿಯೂ ಇರುವುದು ಆ ಗುಣವೇ. ಆಪಲ್ 2007ರಲ್ಲಿ ತಂದ ಪ್ರೋರೆಸ್, ಆವಿಡ್‌ನವರ ಡಿಎನ್‌ಎಕ್ಸ್‌ಎಚ್‌ಡಿ ಮತ್ತು ಅದರ ಮುಂದಿನ ರೂಪ ಡಿಎನ್‌ಎಕ್ಸ್‌ಎಚ್‌ಆರ್, ಗೋಪ್ರೊ 2017ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ ಸಿನಿಫಾರ್ಮ್, ಇವೆಲ್ಲವೂ ಫ್ರೇಮ್‌ಗಳನ್ನು ಬಿಡಿಬಿಡಿಯಾಗಿ ಇಡುತ್ತವೆ. ಪುಸ್ತಕದಲ್ಲಿ ಪ್ರತಿ ಸಲವೂ ಪಲ್ಲವಿಯನ್ನು ಪೂರ್ತಿ ಬರೆದ ಹಾಗೆ. ಪುಸ್ತಕ ದಪ್ಪವಾಗುತ್ತದೆ, ಓದು ಸರಾಗವಾಗುತ್ತದೆ.

ಪುಸ್ತಕ ದಪ್ಪವಾಗುತ್ತದೆ ಎಂದೆ. ಇಲ್ಲೊಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ನನಗೂ ಹುಟ್ಟಿತ್ತು. ಅದರಿಂದ ನಾನು ಕಳೆದುಕೊಂಡದ್ದನ್ನು ನಿಮ್ಮ ಮುಂದೆ ಹೇಳಲೇಬೇಕು.

ವರ್ಷಗಳ ಹಿಂದೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ತತ್ವಪದ ಹಾಡುವ ಹಿರಿಯರೊಬ್ಬರ ಹಾಡುಗಾರಿಕೆಯನ್ನು ಚಿತ್ರಿಸಿದೆ. ಕೈಯಲ್ಲಿ ಏಕತಾರಿ, ಪಕ್ಕದಲ್ಲಿ ತಾಳ ಹಿಡಿದ ಮಗ. ರಾತ್ರಿ ಹತ್ತಕ್ಕೆ ಕುಳಿತವರು ಎರಡರವರೆಗೂ ಹಾಡಿದರು. ನಡುವೆ ಒಂದು ಪದ ಬಂತು. ಅಲ್ಲಿದ್ದ ಯಾರೂ ಅದನ್ನು ಬೇರೆಡೆ ಕೇಳಿರಲಿಲ್ಲ. ನಾನು ನೋಡಿದ ಯಾವ ಪುಸ್ತಕದಲ್ಲಿಯೂ ಆ ಪದ ಇಲ್ಲ. ನನ್ನ ಬಳಿ ಇದ್ದದ್ದು ಎವಿಸಿಎಚ್‌ಡಿ ಕ್ಯಾಮೆರಾ. ಅದು ಉದ್ದನೆಯ ಚಿತ್ರೀಕರಣವನ್ನು 2 ಜಿಬಿಗೊಂದರಂತೆ, ಎಂದರೆ ಸುಮಾರು 11 ನಿಮಿಷಕ್ಕೊಂದರಂತೆ, ಎಂಟಿಎಸ್ ಫೈಲ್‌ಗಳಾಗಿ ತುಂಡು ಮಾಡಿ ಬರೆಯುತ್ತಿತ್ತು. ನಾನು ಒಂದೊಂದೇ ಫೈಲನ್ನು ಪ್ರತ್ಯೇಕವಾಗಿ ಕನ್ವರ್ಟ್ ಮಾಡಿದೆ. ಹೊಸ ಫೈಲ್‌ಗಳು ಹಳೆಯವುಗಳ ಐದು ಪಟ್ಟು ದೊಡ್ಡವಾಗಿದ್ದವು. ದೊಡ್ಡದಾದ್ದರಿಂದ ಉತ್ತಮವಾಗಿವೆ ಎಂದುಕೊಂಡೆ. ಹಾರ್ಡ್ ಡಿಸ್ಕ್ ತುಂಬುತ್ತಿತ್ತು. ಮೂಲ ಫೈಲ್‌ಗಳನ್ನು ಅಳಿಸಿದೆ.

ಎಡಿಟಿಂಗ್‌ಗೆ ಕುಳಿತಾಗ ಗೊತ್ತಾಯಿತು. ಒಂದು ಫೈಲ್ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಅರ್ಧ ಸೆಕೆಂಡಿಗೂ ಕಡಿಮೆಯಷ್ಟು ಚಿತ್ರವೂ ಧ್ವನಿಯೂ ಇರಲಿಲ್ಲ. ತುಂಡಾಗುವಾಗ ಒಂದು ಪೂರ್ಣ ಫ್ರೇಮ್ ಮತ್ತು ಅದನ್ನು ನೆಚ್ಚಿಕೊಂಡ ಫ್ರೇಮ್‌ಗಳ ಗುಂಪಿನ ತಲೆ ಈ ಫೈಲ್‌ನಲ್ಲಿಯೂ ಬಾಲ ಆ ಫೈಲ್‌ನಲ್ಲಿಯೂ ಉಳಿದಿತ್ತು. ಬೇರೆ ಬೇರೆಯಾಗಿ ಬಿಡಿಸಿದ ಸಾಫ್ಟ್‌ವೇರ್ ಎರಡನ್ನೂ ಕೈಬಿಟ್ಟಿತ್ತು. ಆ ಜಾಗ ಬಂದದ್ದು ಆ ಪದದ ಕೊನೆಯ ನುಡಿಯಲ್ಲಿ, ಅಂಕಿತ ಬರುವ ಸಾಲಿನಲ್ಲಿ. ಈಗ ಕೇಳಿದರೆ ‘ಲಿಂಗ’ ಎಂಬುದಷ್ಟೇ ಕೇಳುತ್ತದೆ. ಯಾವ ಲಿಂಗ, ಪದ ಕಟ್ಟಿದವರು ಯಾರು ಎಂದು ಹೇಳುವ ಎರಡು ಅಕ್ಷರಗಳು ಹೋಗಿಬಿಟ್ಟಿವೆ. ಮತ್ತೊಮ್ಮೆ ಹಾಡಿಸಿಕೊಳ್ಳೋಣವೆಂದು ಹೊರಡುವಷ್ಟರಲ್ಲಿ ಆ ಹಿರಿಯರು ತೀರಿಕೊಂಡಿದ್ದರು. ಮಗನಿಗೆ ಆ ಪದ ಪೂರ್ತಿ ಬರುತ್ತಿರಲಿಲ್ಲ.

ಆಮೇಲೆ ತಿಳಿದುಕೊಂಡೆ: ಎಂಟಿಎಸ್ ತುಂಡುಗಳನ್ನು ಕನ್ವರ್ಟ್ ಮಾಡುವ ಮೊದಲೇ ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರುವಂತೆ ಹಾಗೆಹಾಗೆಯೇ ಜೋಡಿಸಿದ್ದರೆ ಆ ಅಕ್ಷರಗಳು ಮರಳಿ ಬರುತ್ತಿದ್ದವು. ಮೂಲ ಫೈಲ್‌ಗಳು ಇದ್ದಿದ್ದರೆ ಐದು ನಿಮಿಷದ ಕೆಲಸ.

ಹಿಂಜಿದ ಮಾತ್ರಕ್ಕೆ ಹತ್ತಿಯ ಜಾತಿ ಬದಲಾಗುವುದಿಲ್ಲ. ಅಂಡಿಗೆಯಲ್ಲಿದ್ದಾಗಲೇ ಕಂದಿದ್ದ ಹತ್ತಿ ಹಂಜಿಯಾದಾಗ ಬಿಳಿಯಾಗದು. 11 ಜಿಬಿಯ ಎವಿಸಿಎಚ್‌ಡಿ ವಿಡಿಯೊ ಪ್ರೋರೆಸ್ 422 ಆದಾಗ ಗಂಟೆಗೆ 55 ಜಿಬಿ ಆಗುತ್ತದೆ. ಆ ಹೆಚ್ಚಿನ 44 ಜಿಬಿಯಲ್ಲಿ ಹೊಸದಾಗಿ ಒಂದು ಕೂದಲೆಳೆಯ ವಿವರವೂ ಇಲ್ಲ. ಕೈಯಾಡಿಸಲು ಸಿಕ್ಕ ಸಲೀಸಿಗೆ ಕೊಟ್ಟ ಬೆಲೆ ಅದು. ಕನ್ವರ್ಟ್ ಆದ ಫೈಲ್ ನಿಮ್ಮ ಕೆಲಸದ ಪ್ರತಿ, ಮುಗಿದ ಮೇಲೆ ಅದನ್ನು ಅಳಿಸಬಹುದು. ಕ್ಯಾಮೆರಾ ಬರೆದದ್ದನ್ನು ಅಳಿಸಬೇಡಿ.

ಇನ್ನು ಮಾಡುವ ಬಗೆ. ಕಾರ್ಡನ್ನು ಕಂಪ್ಯೂಟರ್‌ಗೆ ಹಾಕಿದಾಗ ಒಳಗೆ ಹುಡುಕಿ ವಿಡಿಯೊ ಫೈಲ್‌ಗಳನ್ನಷ್ಟೇ ಎಳೆದುಕೊಳ್ಳುವ ಅಭ್ಯಾಸ ಬಹಳ ಜನರಿಗಿದೆ. ಕಾರ್ಡಿನ ಇಡೀ ಫೋಲ್ಡರ್ ರಚನೆಯನ್ನು ಇದ್ದ ಹಾಗೆ ನಕಲು ಮಾಡಿ. ಯಾವ ತುಂಡು ಯಾವುದರ ಮುಂದುವರಿಕೆ ಎಂಬ ಮಾಹಿತಿ ಪಕ್ಕದ ಸಣ್ಣ ಸಣ್ಣ ಫೈಲ್‌ಗಳಲ್ಲಿರುತ್ತದೆ. ನೋಡಲು ಕಸದಂತೆ ಕಂಡರೂ ಅವು ಬೇಕು. ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ನಕಲಾಗಿ, ಫೈಲ್‌ಗಳ ಸಂಖ್ಯೆಯೂ ಗಾತ್ರವೂ ತಾಳೆಯಾಗಿ, ಮೊದಲು, ನಡುವೆ, ಕೊನೆಯಲ್ಲಿ ಸ್ವಲ್ಪ ಸ್ವಲ್ಪ ಓಡಿಸಿ ನೋಡುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ.

ಮುಂದಿನ ಹೆಜ್ಜೆ, ಕೈಗೆ ಬಂದದ್ದು ಏನೆಂದು ತಿಳಿಯುವುದು. ಫೈಲ್‌ನ ಹೆಸರಿನ ಕೊನೆಯಲ್ಲಿ ಎಂಪಿ4 ಅಥವಾ ಎಂಒವಿ ಎಂದಿದ್ದರೆ ಅದು ಹೊರಗಿನ ಚೀಲದ ಹೆಸರು. ಒಳಗೆ ಜೋಳವಿದೆಯೋ ತೊಗರಿಯಿದೆಯೋ ಅದು ಹೇಳುವುದಿಲ್ಲ. ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಒಳಗಿರುವ ಕೋಡೆಕ್ (ಒತ್ತುವ ವಿಧಾನ) ಯಾವುದು, ಬಣ್ಣದ ಮೆಟ್ಟಿಲುಗಳು 8 ಬಿಟ್ಟಿನವೋ 10 ಬಿಟ್ಟಿನವೋ, ಫ್ರೇಮ್ ದರ ಸ್ಥಿರವೋ ಅಸ್ಥಿರವೋ ಎಲ್ಲವೂ ಕಾಣುತ್ತದೆ. ಹೆಸರಿನ ಕೊನೆಯ ಮೂರಕ್ಷರವನ್ನು ಬದಲಿಸಿದರೆ ಫೈಲ್ ಬದಲಾಗುವುದಿಲ್ಲ. ಇನ್ನೊಂದು ಕಡೆ, ಕೆಲವು ಸಲ ಚೀಲ ಬದಲಿಸುವುದಷ್ಟೇ ಸಾಕಾಗುತ್ತದೆ: ಎಂಟಿಎಸ್ ಎಂದರೆ ಮುಖ ತಿರುಗಿಸುವ ಸಾಫ್ಟ್‌ವೇರ್ ಅದೇ ಚಿತ್ರವನ್ನು ಎಂಪಿ4 ಚೀಲದಲ್ಲಿ ಕೊಟ್ಟರೆ ತೆರೆಯುತ್ತದೆ. ಆದೇಶ ಬರೆದು ನಡೆಸುವ ಉಚಿತ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್‌ನಲ್ಲಿ ಇದಕ್ಕೆ ‘ಕಾಪಿ’ ಎಂಬ ಆದೇಶವಿದೆ. ಒಂದು ಬಿಟ್ ಕೂಡ ಬದಲಾಗದೆ, ನಕಲು ಮಾಡುವಷ್ಟೇ ಹೊತ್ತಿನಲ್ಲಿ ಮುಗಿಯುತ್ತದೆ. ಕಪ್ಪು ಪರದೆಯಲ್ಲಿ ಆದೇಶ ಬರೆಯಲು ಅಂಜುವವರು ಅದೇ ಎಫ್‌ಎಫ್‌ಎಂಪೆಗ್ ಮೇಲೆ ಕಟ್ಟಿದ ಶಟರ್ ಎನ್‌ಕೋಡರ್ ಬಳಸಬಹುದು, ಅದೂ ಉಚಿತ. ನಿಮ್ಮ ವಿಡಿಯೊವನ್ನು ತಮ್ಮಲ್ಲಿಗೆ ಕಳುಹಿಸಿ ಎನ್ನುವ ಕನ್ವರ್ಟರ್ ಜಾಲತಾಣಗಳ ಸಹವಾಸ ಬೇಡ. ಗಿರಾಕಿಯ ಮನೆಯ ಮದುವೆಯನ್ನು ಗುರುತಿಲ್ಲದವರ ಕೈಗೆ ಕೊಡಲು ನಮಗೆ ಅಧಿಕಾರವಿಲ್ಲ.

ಎಲ್ಲವನ್ನೂ ಕನ್ವರ್ಟ್ ಮಾಡಬೇಕೆಂದೇನೂ ಇಲ್ಲ. ಈಚಿನ ಕಂಪ್ಯೂಟರ್‌ಗಳ ಚಿಪ್‌ನಲ್ಲಿಯೇ 8 ಬಿಟ್ ಎಚ್.264 ಬಿಡಿಸುವ ಭಾಗವಿರುತ್ತದೆ. ಒಂದೇ ಕ್ಯಾಮೆರಾದ ಸರಳ ಕೆಲಸವಾದರೆ ಸಲೀಸಾಗಿ ಓಡುತ್ತದೆ. ಅದೇ ಯಂತ್ರ 10 ಬಿಟ್ 4:2:2, ಎಂದರೆ ಬಣ್ಣದ ವಿವರ ಹೆಚ್ಚಿರುವ ವಿಡಿಯೊ ಬಂದಾಗ ಏದುಸಿರು ಬಿಡಬಹುದು. ಮೊದಲು ಐದು ನಿಮಿಷ ಟೈಮ್‌ಲೈನ್ ಮೇಲೆ ಓಡಿಸಿ ನೋಡಿ. ಓಡಿದರೆ ಕೆಲಸಕ್ಕೆ ಕುಳಿತುಕೊಳ್ಳಿ.

ಓಡದಿದ್ದರೆ ಎರಡು ದಾರಿಗಳು. ಇಡೀ ಫುಟೇಜನ್ನು ಪೂರ್ಣ ಗುಣಮಟ್ಟದ ಪ್ರೋರೆಸ್‌ಗೋ ಡಿಎನ್‌ಎಕ್ಸ್‌ಎಚ್‌ಆರ್‌ಗೋ ತಿರುಗಿಸಿ ಕೊನೆಯವರೆಗೂ ಅದರಲ್ಲಿಯೇ ಕೆಲಸ ಮಾಡುವುದು ಒಂದು. ಪ್ರಾಕ್ಸಿ ಇನ್ನೊಂದು: ಚಿಕ್ಕ ಅಳತೆಯ ಹಗುರ ಪ್ರತಿ ಮಾಡಿಕೊಂಡು ಅದರ ಮೇಲೆ ಕತ್ತರಿಸಿ, ಕೊನೆಗೆ ಸಾಫ್ಟ್‌ವೇರ್ ಮೂಲ ಫೈಲ್‌ಗಳಿಂದಲೇ ಅಂತಿಮ ವಿಡಿಯೊ ತೆಗೆಯುವಂತೆ ಮಾಡುವುದು. ನಮ್ಮಂಥವರಿಗೆ ಎರಡನೆಯದೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಂಟು ಗಂಟೆಯ ಬಯಲಾಟವನ್ನು ಪ್ರೋರೆಸ್ 422 ಮಾಡಿದರೆ ಒಂದು ಕ್ಯಾಮೆರಾಕ್ಕೇ 440 ಜಿಬಿ. ಫುಲ್ ಎಚ್‌ಡಿ ಅಳತೆಯಲ್ಲಿಯೇ ಪ್ರೋರೆಸ್ ಪ್ರಾಕ್ಸಿ ಮಾಡಿದರೆ 140 ಜಿಬಿಯೊಳಗೆ. ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಇನ್ನೂ ಕಡಿಮೆ. ರಿಸಾಲ್ವ್, ಪ್ರೀಮಿಯರ್, ಕೆಡೆನ್‌ಲೈವ್ ಎಂಬ ಮೂರು ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿಯೂ ಪ್ರಾಕ್ಸಿಯ ವ್ಯವಸ್ಥೆ ಒಳಗೇ ಇದೆ. ಹೊರಗೆ ಮಾಡಿಕೊಳ್ಳುವುದಾದರೆ ಫೈಲ್‌ನ ಹೆಸರು, ಫ್ರೇಮ್ ದರ, ಧ್ವನಿಯ ಚಾನೆಲ್‌ಗಳ ಸಂಖ್ಯೆ ಮೂಲದಂತೆಯೇ ಇರಲಿ; ಇಲ್ಲವಾದರೆ ಕೊನೆಗೆ ಎರಡೂ ಒಂದಕ್ಕೊಂದು ಕೂಡುವುದಿಲ್ಲ. ಮೊದಲನೆಯ ದಾರಿ ಹಿಡಿಯುವವರಿಗೆ ಒಂದು ಎಚ್ಚರಿಕೆ: ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಎಸ್‌ಕ್ಯೂ, ಎಚ್‌ಕ್ಯೂ ಎಂಬ ದರ್ಜೆಗಳು 8 ಬಿಟ್‌ನವು. 10 ಬಿಟ್‌ನಲ್ಲಿ ಚಿತ್ರಿಸಿದ್ದನ್ನು ಅವುಗಳಿಗೆ ಇಳಿಸಿದರೆ ಪ್ರತಿ ಬಣ್ಣದ 1024 ಮೆಟ್ಟಿಲುಗಳು 256ಕ್ಕೆ ಇಳಿಯುತ್ತವೆ, ಸಂಜೆಯ ಆಕಾಶದಲ್ಲಿ ಪಟ್ಟೆಗಳು ಏಳುತ್ತವೆ. ಅದಕ್ಕೆ ಎಚ್‌ಕ್ಯೂಎಕ್ಸ್ ಆರಿಸಿಕೊಳ್ಳಿ.

ಫೋನಿನ ವಿಡಿಯೊ ಬೇರೆಯದೇ ಕಥೆ. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಅದು ಫ್ರೇಮ್ ದರವನ್ನು ತಾನೇ ಏರಿಳಿಸಿಕೊಳ್ಳುತ್ತದೆ. ಸೆಕೆಂಡಿಗೆ 30 ಎಂದು ಬರೆದಿದ್ದರೂ ಒಮ್ಮೆ 30, ಒಮ್ಮೆ 24. ಮುದಗಲ್ಲಿನ ಮೊಹರಂ ರಾತ್ರಿಯನ್ನು ಫೋನಿನಲ್ಲಿ ಚಿತ್ರಿಸಿ ತಂದವರ ಫುಟೇಜ್‌ನಲ್ಲಿ ಇದನ್ನು ಕಣ್ಣಾರೆ ಕಂಡೆ. ಮೊದಲ ನಿಮಿಷದಲ್ಲಿ ಹಲಗೆಯ ಮೇಲೆ ಕೋಲು ಬಿದ್ದಾಗಲೇ ಸದ್ದು ಬರುತ್ತಿತ್ತು. ಇಪ್ಪತ್ತನೆಯ ನಿಮಿಷಕ್ಕೆ ಕೋಲು ಮೇಲೆದ್ದಾಗ ಸದ್ದು. ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲ ಫ್ರೇಮ್‌ಗಳಿಗೂ ಒಂದೇ ಅಂತರವಿದೆ ಎಂದು ನಂಬಿ ಜೋಡಿಸುವುದರಿಂದ ಹೀಗಾಗುತ್ತದೆ. ಇಂಥ ಫೈಲನ್ನು ಟೈಮ್‌ಲೈನ್‌ಗೆ ತರುವ ಮೊದಲೇ ಸ್ಥಿರ ಫ್ರೇಮ್ ದರಕ್ಕೆ ತಿರುಗಿಸಬೇಕು. ಹ್ಯಾಂಡ್‌ಬ್ರೇಕ್ ಎಂಬ ಕನ್ವರ್ಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಎಂಬುದನ್ನು ಆರಿಸಿದರೆ ಸಾಕು. ಹಲಗೆಯ ಪೆಟ್ಟು ತಪ್ಪಿದ ಮೊಹರಂ ವಿಡಿಯೊವನ್ನು ಆ ಹೆಜ್ಜೆ ಹಾಕಿದವರಿಗೆ ತೋರಿಸುವ ಧೈರ್ಯ ನನಗಂತೂ ಇಲ್ಲ.

ಹಳೆಯ ಕ್ಯಾಮೆರಾಗಳಲ್ಲಿ 50ಐ ಎಂಬ ಸೆಟ್ಟಿಂಗ್ ಕಂಡಿರುತ್ತೀರಿ. ಅಲ್ಲಿ ಒಂದು ಫ್ರೇಮಿನ ಬೆಸ ಗೆರೆಗಳು ಒಂದು ಕ್ಷಣದವು, ಸಮ ಗೆರೆಗಳು ಐವತ್ತನೇ ಒಂದು ಸೆಕೆಂಡ್ ನಂತರದವು. ನಮ್ಮ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವಾಗ ಹೀಗೆ ಚಿತ್ರಿಸಿದರೆ ಕಂಪ್ಯೂಟರ್ ಪರದೆಯಲ್ಲಿ ಕೊಂಬುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಕನ್ವರ್ಟ್ ಮಾಡುವಾಗಲೇ ಡಿಇಂಟರ್‌ಲೇಸ್ ಮಾಡಿ, ಎಂದರೆ ಬೆಸ, ಸಮ ಗೆರೆಗಳನ್ನು ಬೇರ್ಪಡಿಸಿ, ಸೆಕೆಂಡಿಗೆ 50 ಪೂರ್ಣ ಫ್ರೇಮ್‌ಗಳಿಗೆ ತನ್ನಿ. 25ಕ್ಕೆ ತಂದರೆ ಚಲನೆಯ ಅರ್ಧ ಹೋಗುತ್ತದೆ. ಎತ್ತಿನ ಭುಜ ನಡುಗುವುದು ಆ ಅರ್ಧದಲ್ಲಿಯೇ ಇರುತ್ತದೆ.

ನಮ್ಮ ಬಿಸಿಲಿನ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕನ್ವರ್ಟ್ ಹಚ್ಚಿದರೆ ಲ್ಯಾಪ್‌ಟಾಪ್ ಕಾದು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ರಾತ್ರಿ ಹಚ್ಚಿ ಮಲಗಿ. ಉದ್ದನೆಯ ಒಂದೇ ಫೈಲ್ ಮಾಡದೆ ಕ್ಲಿಪ್‌ಗಳಾಗಿ ಮಾಡಿ: ಎಂಪಿ4, ಎಂಒವಿ ಫೈಲ್‌ಗಳ ಸೂಚಿ ಸಾಮಾನ್ಯವಾಗಿ ಬರವಣಿಗೆ ಮುಗಿದ ಮೇಲೆ ಸೇರುತ್ತದೆ, ನಡುವೆ ಕರೆಂಟ್ ಹೋದರೆ ಅಲ್ಲಿಯವರೆಗಿನದೂ ತೆರೆಯುವುದಿಲ್ಲ.

ರಾಯಚೂರಿನ ಕೋಟೆಯ ಗೋಡೆಯಲ್ಲಿರುವ ಆ ಉದ್ದನೆಯ ಕಲ್ಲನ್ನು ಎಷ್ಟು ಜನ ಹತ್ತಿರದಿಂದ ನೋಡಿದ್ದೀರಿ? 40 ಅಡಿಗೂ ಉದ್ದದ ಒಂದೇ ಕಲ್ಲು, ಅದರ ಮೇಲೆ 1294ರ ತೆಲುಗು ಶಾಸನ. ನನ್ನ ಕಣ್ಣು ಪ್ರತಿ ಸಲ ಅಕ್ಷರಗಳಿಗಿಂತ ಅಲ್ಲಿ ಕೊರೆದಿರುವ ಚಿತ್ರಕ್ಕೆ ಹೋಗುತ್ತದೆ. ಆ ಕಲ್ಲನ್ನು ಗಾಡಿಯ ಮೇಲೆ ಹೇರಿ, ಜಾನುವಾರುಗಳ ಸಾಲು ಕಟ್ಟಿ ಎಳೆದು ತಂದ ಚಿತ್ರ ಅದು. ಕಲ್ಲು ಹೇಗೆ ಬಂತೆಂಬುದನ್ನು ಕಲ್ಲಿನ ಮೇಲೆಯೇ ದಾಖಲಿಸಿದ್ದಾರೆ. ಅದನ್ನು ನೋಡಿದ ಮೇಲೆ ನಾನು ಪ್ರತಿ ಫೋಲ್ಡರ್‌ನಲ್ಲಿ ಸಣ್ಣದೊಂದು ಪಠ್ಯ ಫೈಲ್ ಇಡಲು ಶುರು ಮಾಡಿದೆ. ಯಾವ ಊರು, ಯಾವ ದಿನ, ಯಾರು ಹಾಡಿದರು, ಯಾವ ಕ್ಯಾಮೆರಾ, ಯಾವ ರೂಪದಿಂದ ಯಾವ ರೂಪಕ್ಕೆ ತಿರುಗಿಸಿದೆ, ಮೂಲ ಯಾವ ಡಿಸ್ಕ್‌ನಲ್ಲಿದೆ, ಇಷ್ಟು ಬರೆಯುತ್ತೇನೆ. ಎರಡು ನಿಮಿಷ ಹಿಡಿಯುತ್ತದೆ.

ಪ್ರಶ್ನೆಗಳಲ್ಲಿ ಮೊದಲನೆಯದನ್ನು ಕೇಳಿದವರು ಇಂಜಿನಿಯರಿಂಗ್ ವಿದ್ಯಾರ್ಥಿ. ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಕೊಂಡಿದ್ದಾರೆ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಕ್ಯಾಮೆರಾದ ವಿಡಿಯೊ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಕಂಪ್ಯೂಟರ್ ಕೆಟ್ಟಿಲ್ಲ ಎಂದೆ. ಲಿನಕ್ಸ್‌ನಲ್ಲಿ ಆ ಉಚಿತ ಆವೃತ್ತಿ ಎಚ್.264 ಚಿತ್ರವನ್ನೂ ಎಎಸಿ ಧ್ವನಿಯನ್ನೂ ಓದುವುದಿಲ್ಲ. ಚಿತ್ರವನ್ನು ಡಿಎನ್‌ಎಕ್ಸ್‌ಎಚ್‌ಆರ್‌ಗೆ, ಧ್ವನಿಯನ್ನು ಒತ್ತದ ಪಿಸಿಎಂಗೆ ತಿರುಗಿಸಿ ಎಂಒವಿ ಚೀಲದಲ್ಲಿ ಕೊಡಿ, ಓಡುತ್ತದೆ. ಡಿಸ್ಕ್‌ನಲ್ಲಿ ಜಾಗವಿಲ್ಲದಿದ್ದರೆ ಕೆಡೆನ್‌ಲೈವ್ ಬಳಸಿ. ಅದು ಕ್ಯಾಮೆರಾ ಫೈಲನ್ನೇ ತೆರೆಯುತ್ತದೆ, ಪ್ರಾಕ್ಸಿಯನ್ನೂ ಮಾಡಿಕೊಡುತ್ತದೆ.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಹುಡುಗಿಯದು. ಅವರ ಅಜ್ಜಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಪದಗಳ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ, ಅಜ್ಜಿ ಈಗ ಇಲ್ಲ, ಅದನ್ನು ಯಾವ ರೂಪಕ್ಕೆ ತಿರುಗಿಸಿದರೆ ಮುಖ ಸ್ಪಷ್ಟವಾಗುತ್ತದೆ ಎಂದು ಕೇಳಿದರು. ಯಾವ ರೂಪಕ್ಕೆ ತಿರುಗಿಸಿದರೂ ಆಗುವುದಿಲ್ಲ, ಕಳುಹಿಸುವಾಗಲೇ ವಾಟ್ಸ್‌ಆ್ಯಪ್ ಅದನ್ನು ಮತ್ತೆ ಒತ್ತಿ ಚಿಕ್ಕದು ಮಾಡಿದೆ ಎಂದು ಹೇಳಬೇಕಾಯಿತು. ಚಿತ್ರಿಸಿದ ಫೋನ್ ಯಾರದು ಎಂದು ಕೇಳಿದೆ. ಸಿಂಧನೂರಿನಲ್ಲಿರುವ ಸೋದರಮಾವನದು, ಈಗಲೂ ಅದೇ ಫೋನ್ ಬಳಸುತ್ತಿದ್ದಾರೆ ಎಂದರು. ಹಾಗಾದರೆ ಮೂಲ ಅದರಲ್ಲಿಯೇ ಇರಬಹುದು, ಕೇಬಲ್ ಹಾಕಿ ನಕಲು ಮಾಡಿಕೊಳ್ಳಿ, ಅಷ್ಟು ದೂರ ಹೋಗಲಾಗದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿಯೇ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ, ಆಗ ಅದು ಒತ್ತುವುದಿಲ್ಲ ಎಂದೆ. ಅವರು ಕುಳಿತುಕೊಳ್ಳಲಿಲ್ಲ. ಬಾಗಿಲ ಬಳಿ ಹೋಗಿ ಫೋನ್ ಮಾಡಿದರು. “ಮಾವ, ಫೋನಿನಲ್ಲಿ ಜಾಗ ಸಾಲುವುದಿಲ್ಲ ಎಂದು ಏನನ್ನೂ ಅಳಿಸಬೇಡಿ, ನಾನು ನಾಳೆ ಬೆಳಿಗ್ಗೆ ಬರುತ್ತೇನೆ” ಎಂದು ಹೇಳುತ್ತಿದ್ದುದು ವೇದಿಕೆಯವರೆಗೂ ಕೇಳಿಸಿತು.